ಗ್ಯಾಂಬಿಯಾದ ಹಿರಿಯರು ಕೊಟ್ಟ ರಕ್ತ

1961ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಪ್ರಬಂಧ ಬಂತು. ಬರೆದವರು ಸಿಡ್ನಿ ಕೋಹೆನ್, ಇಯಾನ್ ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್. ಮಲೇರಿಯಾವನ್ನು ನಮ್ಮ ದೇಹ ಹೇಗೆ ಎದುರಿಸುತ್ತದೆ ಎಂಬ ಕಥೆಯಲ್ಲಿ ಅಷ್ಟು ಧೈರ್ಯದ ಪ್ರಯೋಗವನ್ನು ನಾನು ಬೇರೆ ಕಂಡಿಲ್ಲ.

ಮೆಕ್‌ಗ್ರೆಗರ್ ಸ್ಕಾಟ್ಲೆಂಡ್ ಮೂಲದ ವೈದ್ಯ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲೇ ವೃತ್ತಿಜೀವನದ ಬಹುಭಾಗ ಕಳೆದವರು. ಅಲ್ಲಿ ಮಳೆಗಾಲ ಬಂತೆಂದರೆ ಎಳೆಯ ಮಕ್ಕಳು ಜ್ವರದಲ್ಲಿ ಬೆಂದುಹೋಗುತ್ತಿದ್ದರು. ಅದೇ ಸೊಳ್ಳೆಗಳಿಂದ ಕಚ್ಚಿಸಿಕೊಂಡ ದೊಡ್ಡವರು ಮಾತ್ರ ಹೊಲಕ್ಕೆ ಹೋಗುತ್ತಿದ್ದರು. ನ್ಯೂಗಿನಿಯಲ್ಲಿ ಇಂಥದ್ದನ್ನೇ 1900ರ ಹೊತ್ತಿಗೆ ರಾಬರ್ಟ್ ಕಾಕ್ ಗಮನಿಸಿದ್ದರು. ಕಾರಣ ಮಾತ್ರ ಕೈಗೆ ಸಿಕ್ಕಿರಲಿಲ್ಲ.

ಗ್ಯಾಂಬಿಯಾದ ತಂಡ ದೊಡ್ಡವರ ರಕ್ತದಿಂದ ಗಾಮಾ ಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳಿರುವ ಭಾಗವನ್ನು, ಬೇರ್ಪಡಿಸಿ ಮಲೇರಿಯಾ ಹಿಡಿದ ಮಕ್ಕಳಿಗೆ ಚುಚ್ಚಿತು. ಕೆಲವೇ ದಿನಗಳಲ್ಲಿ ಮಕ್ಕಳ ರಕ್ತದಲ್ಲಿದ್ದ ರೋಗಾಣುಗಳ ಸಂಖ್ಯೆ ಕುಸಿಯಿತು. ಮಲೇರಿಯಾ ಕಾಣದ ಬ್ರಿಟನ್ನಿನವರ ರಕ್ತದಿಂದ ತೆಗೆದದ್ದು ಏನೂ ಮಾಡಲಿಲ್ಲ.

ಆದರೆ ಪ್ರತಿಕಾಯ ಒಂಟಿಯಾಗಿ ಗೆಲ್ಲುವುದಿಲ್ಲ. ಬಿಳಿ ರಕ್ತಕಣಗಳ ಪಾತ್ರದ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1880ರಲ್ಲಿ ಅಲ್ಜೀರಿಯಾದ ಕಾನ್‌ಸ್ಟಂಟೈನ್‌ನಲ್ಲಿ ರೋಗಾಣುವನ್ನು ಮೊದಲು ಕಂಡ ಲಾವೆರಾನ್, ರೋಗಿಗಳ ರಕ್ತದಲ್ಲಿ ಕಪ್ಪು ಕಣಗಳನ್ನು ಹುಡುಕುತ್ತಿದ್ದರು. ಹಿಮೋಗ್ಲೋಬಿನ್ ತಿಂದ ರೋಗಾಣು ಉಳಿಸಿಹೋಗುವ ಕಸ ಅದು; ಅದನ್ನು ನುಂಗಿದ ಬಿಳಿ ಕಣಗಳು ಕಪ್ಪಾಗಿ ಕಾಣುತ್ತವೆ. ಪ್ರತಿಕಾಯ ಮತ್ತು ಬಿಳಿ ಕಣ ಎಂಬ ಈ ಎರಡು ಎಳೆಗಳನ್ನು ಕೂಡಿಸಲು ವಿಜ್ಞಾನ ಇಷ್ಟು ತಡ ಮಾಡಿತಲ್ಲ ಎಂಬ ಸಂಕಟ ನನಗಿದೆ. 1990ರಲ್ಲಿ ಪ್ಯಾರಿಸ್‌ನ ಪಿಯರ್ ಡ್ರುಯಿಲ್ ಬಳಗ ಪ್ರಯೋಗಾಲಯದಲ್ಲಿ ತೋರಿಸಿತು: ಆಫ್ರಿಕಾದ ಹಿರಿಯರ ಪ್ರತಿಕಾಯಗಳಷ್ಟೇ ಇದ್ದರೆ ರೋಗಾಣು ಬೆಳೆಯುತ್ತಲೇ ಇರುತ್ತದೆ, ಮೊನೊಸೈಟ್ ಎಂಬ ಬಿಳಿ ಕಣಗಳು ಜೊತೆಗೂಡಿದರೆ ಅದರ ವೃದ್ಧಿ ಕುಂಠಿತವಾಗುತ್ತದೆ. ಪ್ರತಿಕಾಯ ಗುರುತು ಹಚ್ಚುತ್ತದೆ, ಆ ಗುರುತು ಹಿಡಿದು ಕಣ ಕೆಲಸಕ್ಕಿಳಿಯುತ್ತದೆ. ಮರುವರ್ಷ ಥಾಯ್ಲೆಂಡಿನ ರೋಗಿಗಳಿಗೆ ಆಫ್ರಿಕಾದವರ ಪ್ರತಿಕಾಯ ಕೊಟ್ಟ ಫಲಿತಾಂಶ ಪ್ರಕಟವಾಯಿತು. ಖಂಡ ಬೇರೆಯಾದರೂ ಅದು ಕೆಲಸ ಮಾಡಿತ್ತು.

ಈ ರಕ್ಷಣೆ ಶಾಶ್ವತವಲ್ಲ. ಮಲೇರಿಯಾ ಇಲ್ಲದ ನಾಡಿಗೆ ಹೋಗಿ ವರ್ಷಗಟ್ಟಲೆ ನೆಲೆಸಿದವರಲ್ಲಿ ಅದು ಕುಗ್ಗುತ್ತದೆ. ಊರಿಗೆ ಮರಳಿದಾಗ ಅವರೂ ಮತ್ತೆ ಜ್ವರಕ್ಕೆ ಬೀಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮಕ್ಕಳಿಗೆ ಮೊದಲ ಮಲೇರಿಯಾ ಲಸಿಕೆಯನ್ನು ಶಿಫಾರಸು ಮಾಡಿತು. ದೇಹಕ್ಕೆ ಈ ರೋಗವನ್ನು ತಡೆಯಲು ಕಲಿಸಬಹುದು ಎಂಬ ನಂಬಿಕೆಗೆ ಬಲ ತುಂಬಿದ್ದು ಗ್ಯಾಂಬಿಯಾದ ಪ್ರಯೋಗ. ಲಸಿಕೆಯ ಚರಿತ್ರೆ ಬರೆಯುವವರು ರಕ್ತ ಕೊಟ್ಟ ಆ ಹಿರಿಯರನ್ನು ಅಡಿಟಿಪ್ಪಣಿಗೆ ತಳ್ಳದೆ ಮೊದಲ ಅಧ್ಯಾಯದಲ್ಲೇ ನೆನೆಯಲಿ.