ಜೆಟ್ ಬ್ಲೇಡಿನೊಳಗೆ ಮೂಲೆಗಳು ಎಲ್ಲಿಂದ ಬಂದವು?

ವಿಮಾನದ ಜೆಟ್ ಎಂಜಿನ್ನಿನಲ್ಲಿ ಅತಿ ಹೆಚ್ಚು ಕಷ್ಟ ಅನುಭವಿಸುವ ಭಾಗ ಟರ್ಬೈನಿನ ಮೊದಲ ಸಾಲಿನ ಬ್ಲೇಡು. ಅದರ ಮೇಲೆ ನುಗ್ಗುವ ಅನಿಲದ ಉಷ್ಣತೆ ಇಂದಿನ ಎಂಜಿನ್ನುಗಳಲ್ಲಿ 1500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ನಿಕಲ್ ಮಿಶ್ರಲೋಹವಾದರೋ 1350ರ ಆಸುಪಾಸಿನಲ್ಲೇ ಕರಗತೊಡಗುತ್ತದೆ. ಒಳನಾಳಗಳಲ್ಲಿ ಹರಿಯುವ ಗಾಳಿ, ಮೈಮೇಲಿನ ಸೆರಾಮಿಕ್ ಲೇಪ ಎರಡೂ ಸೇರಿ ಅದನ್ನು ಕರಗದಂತೆ ಕಾಯುತ್ತವೆ. ಆದರೆ ನಿಮಿಷಕ್ಕೆ ಹತ್ತು ಸಾವಿರ ಸುತ್ತು ಮೀರಿ ತಿರುಗುವಾಗ ಹೊರಕ್ಕೆ ಜಗ್ಗುವ ಬಲಕ್ಕೆ ಕಾದ ಲೋಹ ಮೆಲ್ಲಗೆ ಉದ್ದವಾಗದಂತೆ ತಡೆಯುವುದು ಅದರ ಒಳರಚನೆ.

ಈ ಲೋಹದ ಚೂರನ್ನು ನುಣ್ಣಗೆ ಉಜ್ಜಿ, ಆಮ್ಲದಲ್ಲಿ ಅದ್ದಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಲುಸಾಲಾಗಿ ಜೋಡಿಸಿಟ್ಟಂಥ ಘನಾಕೃತಿಗಳು, ನಡುವೆ ಇಕ್ಕಟ್ಟಾದ ಓಣಿಗಳು. ಒಂದೊಂದು ಘನಾಕೃತಿಯ ಅಂಚು ಸುಮಾರು ಅರ್ಧ ಮೈಕ್ರೊಮೀಟರ್. ಅದರೊಳಗೆ ಮೂರು ನಿಕಲ್ ಪರಮಾಣುಗಳಿಗೆ ಒಂದು ಅಲ್ಯೂಮಿನಿಯಂ ಎಂಬ ಶಿಸ್ತು. ಓಣಿಯಲ್ಲಿ ನಿಕಲ್ಲಿನದೇ ಮೇಲುಗೈ. ಹೆಚ್ಚು ಬಿಸಿಯಲ್ಲಿ ಒಂದಾಗಿ ಬೆರೆತಿದ್ದ ಲೋಹ, ಗಟ್ಟಿಯಾಗಿದ್ದುಕೊಂಡೇ, ತಣಿಯುವಾಗ ಹೀಗೆ ಎರಡು ಪ್ರಾವಸ್ಥೆಗಳಾಗಿ ಬೇರ್ಪಡುತ್ತದೆ.

ಸಾರಿನ ಮೇಲೆ ತೇಲುವ ತುಪ್ಪದ ಹನಿ ದುಂಡಗಿರುತ್ತದೆ. ಇಲ್ಲಿ ಮೂಲೆಗಳೇಕೆ?

ಬೇರ್ಪಡೆಗೆ ಗಣಿತದ ರೂಪ ಕೊಟ್ಟವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಜಾನ್ ಕಾನ್ ಮತ್ತು ಜಾನ್ ಹಿಲಿಯರ್ಡ್, 1958ರಲ್ಲಿ. ಅವರು ಎರಡು ಬಗೆಯ ಶಕ್ತಿಯನ್ನು ಕೂಡಿಸಿದರು: ಬೆರೆತಿರುವುದರ ಶಕ್ತಿ ಒಂದು, ಎರಡು ಪ್ರಾವಸ್ಥೆಗಳ ನಡುವಿನ ಗಡಿಗೆ ತಗಲುವ ಶಕ್ತಿ ಇನ್ನೊಂದು. ಒಟ್ಟು ಶಕ್ತಿ ತಗ್ಗುವುದಾದರೆ ಪರಮಾಣುಗಳು ತಾವು ವಿರಳವಾಗಿರುವ ಕಡೆಯಿಂದ ದಟ್ಟವಾಗಿರುವ ಕಡೆಗೂ ಸರಿಯುತ್ತವೆ. ಎಲ್ಲ ದಿಕ್ಕಿನಲ್ಲೂ ಗಡಿಗೆ ಒಂದೇ ದರ ಎಂದುಕೊಂಡರೆ ಈ ಲೆಕ್ಕ ಕೊಡುವುದು ದುಂಡು ಹನಿಗಳನ್ನೇ.

1961ರಲ್ಲಿ ಕಾನ್ ಮೂರನೆಯದನ್ನು ಸೇರಿಸಿದರು: ಸ್ಥಿತಿಸ್ಥಾಪಕ ಶಕ್ತಿ. ಘನಾಕೃತಿಯಲ್ಲೂ ಓಣಿಯಲ್ಲೂ ಪರಮಾಣುಗಳ ಅಂತರ ಒಂದೇ ಅಲ್ಲ. ವ್ಯತ್ಯಾಸ ಸಾಮಾನ್ಯವಾಗಿ ಶೇಕಡಾ ಒಂದಕ್ಕಿಂತ ಕಡಿಮೆ. ಆದರೂ ಪರಮಾಣುಗಳ ಸಾಲು ಗಡಿಯಲ್ಲಿ ತುಂಡಾಗದೆ ಮುಂದುವರಿಯಬೇಕು. ಹಾಗಾಗಿ ಒಂದು ಕಡೆ ಹಿಗ್ಗುತ್ತದೆ, ಇನ್ನೊಂದು ಕಡೆ ಕುಗ್ಗುತ್ತದೆ. ನಿಕಲ್ ಸ್ಫಟಿಕ ತನ್ನ ಮೂರು ಅಂಚುಗಳ ದಿಕ್ಕಿನಲ್ಲಿ ಹೆಚ್ಚು ಬಳುಕುತ್ತದೆ. ಆ ದಿಕ್ಕುಗಳಿಗೆ ಮುಖ ಮಾಡಿದ ಗಡಿಗೆ ಶಕ್ತಿಯ ಖರ್ಚು ಕಡಿಮೆ. ಗಡಿಯ ಖರ್ಚು ಮೇಲ್ಮೈಯನ್ನು ಅವಲಂಬಿಸಿದರೆ ಈ ಎಳೆತದ ಖರ್ಚು ಗಾತ್ರವನ್ನು ಅವಲಂಬಿಸುತ್ತದೆ. ಆದ್ದರಿಂದ ತೀರ ಸಣ್ಣ ಕಣ ದುಂಡಗೇ ಇರುತ್ತದೆ, ಬೆಳೆದಂತೆ ಚಪ್ಪಟೆ ಮುಖ, ಮೂಲೆ ಪಡೆಯುತ್ತದೆ. ಕಂಪ್ಯೂಟರಿನಲ್ಲಿ ಈ ಸಮೀಕರಣ ಓಡಿಸಿದಾಗ ಹನಿಗಳು ಮೂಲೆ ತಳೆದು ಸಾಲುಗಟ್ಟುವುದು ನನ್ನ ಮಟ್ಟಿಗೆ ಲೋಹಶಾಸ್ತ್ರದ ಅತಿ ಸುಂದರ ದೃಶ್ಯ.

ಬಿಸಿಯಲ್ಲಿ ಬಹುಕಾಲ ಜಗ್ಗಿಸಿಕೊಂಡ ಬ್ಲೇಡಿನಲ್ಲಿ ಘನಾಕೃತಿಗಳು ಒಂದಕ್ಕೊಂದು ಕೂಡಿಕೊಂಡು ಹಲಗೆಗಳಾಗುತ್ತವೆ. ಇದಕ್ಕೆ ಸ್ಥಿತಿಸ್ಥಾಪಕ ಶಕ್ತಿಯೊಂದೇ ಸಾಕೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಪಿ. ಗುರುರಾಜನ್ ಮತ್ತು ಟಿ. ಎ. ಅಬಿನಂದನನ್ ಈ ಪ್ರಶ್ನೆ ಎತ್ತಿಕೊಂಡು, 2007ರಲ್ಲಿ ಪ್ರಕಟವಾದ ತಮ್ಮ ಮಾದರಿಯಲ್ಲಿ ಅದೊಂದರಿಂದಲೇ ಹಲಗೆಗಳು ಮೂಡಬಲ್ಲವೆಂದು ತೋರಿಸಿದರು. ಎರಡು ಪ್ರಾವಸ್ಥೆಗಳ ಬಿಗುವು ಬೇರೆಬೇರೆ ಆಗಿರಬೇಕು, ಅಷ್ಟೆ. ನಿಜವಾದ ಬ್ಲೇಡಿನ ಓಣಿಗಳಲ್ಲಿ ಲೋಹ ಮರಳಿ ಬಾರದಂತೆಯೂ ಜರುಗುತ್ತದೆ. ಬ್ಲೇಡಿನ ಆಯುಷ್ಯ ಅಳೆಯಲು ಹೊರಟ ಮಾದರಿ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.