ಎ.ಸಿ. ಹಾಕಿದರೆ ಕಾರು ಯಾಕೆ ನಡುಗುತ್ತೆ?

ನಮ್ಮ ಬೀದಿಯಲ್ಲಿ ಒಬ್ಬ ಟ್ಯಾಕ್ಸಿ ಚಾಲಕರಿದ್ದಾರೆ. ಅವರದು ಪೆಟ್ರೋಲ್ ಕಾರು. ಸಾಲ ಮಾಡಿ ಕೊಂಡದ್ದು. ಚಿತ್ರದುರ್ಗದಿಂದ ಬೆಂಗಳೂರಿಗೆ ಬಾಡಿಗೆ ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಿ ಅವರಿಗೊಂದು ತೊಂದರೆ ಬಂತು. ಹೆದ್ದಾರಿಯಲ್ಲಿ ಕಾರು ಚೆನ್ನಾಗಿಯೇ ಓಡುತ್ತಿತ್ತು. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಗಡಗಡ ನಡುಗುತ್ತಿತ್ತು. ಎರಡು ಸಲ ಎಂಜಿನ್ ನಿಂತೇ ಹೋಯಿತು. ಎ.ಸಿ. ಆರಿಸಿದರೆ ನಡುಕ ಇಲ್ಲ. ಆದರೆ ಆ ಬಿಸಿಲಿನಲ್ಲಿ ಎ.ಸಿ. ಇಲ್ಲದ ಕಾರನ್ನು ಯಾರು ಹತ್ತುತ್ತಾರೆ?

ಒಬ್ಬ ಮೆಕ್ಯಾನಿಕ್ ನೋಡಿದರು. "ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು" ಅಂದರು. ಅದಕ್ಕೆ ಸಾವಿರಾರು ರೂಪಾಯಿ ಬೇಕು. ಚಾಲಕರು ತಲೆ ಮೇಲೆ ಕೈ ಹೊತ್ತು ಕೂತರು.

ದುಡ್ಡು ಹಾಕುವ ಮುಂಚೆ ಸ್ವಲ್ಪ ಯೋಚನೆ ಮಾಡೋಣ. ಎ.ಸಿ.ಗೆ ಶಕ್ತಿ ಎಲ್ಲಿಂದ ಬರುತ್ತೆ? ಇಂಥ ಕಾರುಗಳಲ್ಲಿ ಎಂಜಿನ್ನಿನಿಂದಲೇ. ಎಂಜಿನ್ ಒಂದು ಬೆಲ್ಟನ್ನು ಎಳೆಯುತ್ತೆ. ಆ ಬೆಲ್ಟ್ ಕಂಪ್ರೆಸರನ್ನು ತಿರುಗಿಸುತ್ತೆ. ಕಾರು ಓಡುವಾಗ ಎಂಜಿನ್‌ಗೆ ಬೇಕಾದಷ್ಟು ಬಲ ಇರುತ್ತೆ. ನಿಂತಾಗ ಅದು ನಿಧಾನ ತಿರುಗುತ್ತೆ. ಎಷ್ಟೋ ಪೆಟ್ರೋಲ್ ಕಾರುಗಳಲ್ಲಿ ನಿಮಿಷಕ್ಕೆ 700ರಿಂದ 900 ಸುತ್ತು ಅಷ್ಟೆ. ಆಗಲೇ ಎ.ಸಿ.ಯ ಭಾರವೂ ಬೀಳುತ್ತೆ.

ತಲೆಯ ಮೇಲೆ ಒಂದು ಕೊಡ ಹೊತ್ತು ನಿಂತವರ ಸೊಂಟಕ್ಕೆ ಇನ್ನೊಂದು ಕೊಡ ಕೊಟ್ಟಂತೆ. ಹೊಟ್ಟೆ ತುಂಬ ಉಂಡವರು ನಿಲ್ಲುತ್ತಾರೆ. ಉಪವಾಸ ಇದ್ದವರ ಕಾಲು ನಡುಗುತ್ತೆ. ಅದು ಎರಡನೇ ಕೊಡದ ತಪ್ಪೇ?

ಎಂಜಿನ್‌ನ ಊಟ ಗಾಳಿ ಮತ್ತು ಪೆಟ್ರೋಲ್. ಎ.ಸಿ. ಗುಂಡಿ ಒತ್ತಿದಾಗ ಕಾರಿನ ಕಂಪ್ಯೂಟರ್ ಎರಡನ್ನೂ ಸ್ವಲ್ಪ ಜಾಸ್ತಿ ಕೊಡುತ್ತೆ. ಗಾಳಿ ಒಳಗೆ ಹೋಗುವ ಬಾಗಿಲು ಇರುವ ಭಾಗಕ್ಕೆ ಥ್ರಾಟಲ್ ಬಾಡಿ ಅನ್ನುತ್ತಾರೆ. ಅಲ್ಲಿ ಮಸಿ ಕಟ್ಟಿದರೆ ಗಾಳಿ ಸಾಲದೆ ಹೋಗುತ್ತೆ. ಏರ್ ಫಿಲ್ಟರ್‌ನಲ್ಲಿ ಧೂಳು ತುಂಬಿರಬಹುದು. ಪ್ಲಗ್ ಸವೆದು ಕಿಡಿ ಸರಿಯಾಗಿ ಬಾರದೇ ಇರಬಹುದು. ಗಾಳಿಯ ರಬ್ಬರ್ ಪೈಪು ಸೀಳಿರಬಹುದು.

ಯಾವುದು ಅಂತ ಕಂಡುಹಿಡಿಯೋದು ಹೇಗೆ? ಕಾರನ್ನು ಬಯಲಿನಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್‌ನಲ್ಲಿ ಬೇಡವೇ ಬೇಡ. ಎಂಜಿನ್ ಹೊಗೆ ವಿಷ, ಪ್ರಾಣ ತೆಗೆಯುತ್ತೆ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಎಂಜಿನ್ ಬಿಸಿಯಾದ ಮೇಲೆ ಎ.ಸಿ. ಒಮ್ಮೆ ಹಾಕಿ, ಒಮ್ಮೆ ಆರಿಸಿ. ಹಾಕಿದ ಕ್ಷಣ ಸಣ್ಣಗೆ ಅದುರುವುದು ಸಹಜ. ಅದಕ್ಕೆ ಹೆದರಬೇಡಿ.

ಎ.ಸಿ. ಇಲ್ಲದಾಗಲೂ ಸ್ವಲ್ಪ ನಡುಕ ಇದೆಯಾ? ಹಾಗಾದರೆ ದೋಷ ಮೊದಲೇ ಎಂಜಿನ್ ಕಡೆ ಇದೆ. ಎ.ಸಿ. ಅದನ್ನು ಎತ್ತಿ ತೋರಿಸಿತು, ಅಷ್ಟೆ. ಸುತ್ತು ತೋರಿಸುವ ಮುಳ್ಳು ಕೆಳಗೆ ಬಿದ್ದು ಕಾರು ನಡುಗಿದರೆ ಮೊದಲು ಥ್ರಾಟಲ್, ಪ್ಲಗ್ ನೋಡಿಸಿ. ಮುಳ್ಳು ಅಲ್ಲಾಡದೆ ಬರೀ ಬಾಡಿ ಅದುರಿದರೆ ಎಂಜಿನ್ ಕೆಳಗಿನ ರಬ್ಬರ್ ಮೌಂಟಿಂಗ್ ಮೇಲೆ ಅನುಮಾನ ಪಡಿ. ಬಹಳ ಹೊತ್ತು ನಿಂತಾಗ ತಂಪೂ ಕಡಿಮೆ, ನಡುಕವೂ ಜಾಸ್ತಿ ಅಂದ್ರೆ ಮುಂದಿನ ಫ್ಯಾನ್ ತಿರುಗುತ್ತಿದೆಯೋ ನೋಡಿ. ಅದು ತಿರುಗದಿದ್ದರೆ ಗ್ಯಾಸ್ ಒತ್ತಡ ಏರಿ ಕಂಪ್ರೆಸರ್ ಭಾರವಾಗುತ್ತೆ. ದೂರದಿಂದಲೇ ನೋಡಿ. ಫ್ಯಾನ್ ಯಾವಾಗ ಬೇಕಾದರೂ ತಿರುಗೀತು. ಬೆಲ್ಟ್ ಹತ್ತಿರ ಕೈ, ಸೆರಗು, ಟವೆಲ್ ಹೋಗಬಾರದು. ಗ್ಯಾಸ್ ಪೈಪನ್ನಂತೂ ನಾವು ಬಿಚ್ಚಲೇಬಾರದು.

ಕಂಪ್ರೆಸರ್ ಕೆಡುವುದೇ ಇಲ್ಲ ಅಂತಲ್ಲ. ಬಿಗಿ ಹಿಡಿದರೆ ಕಿರ್ರ್ ಅಂತ ಬೆಲ್ಟ್ ಜಾರುವ ಸದ್ದು ಬರಬಹುದು.

ನಮ್ಮ ಚಾಲಕರ ಕಾರಿನಲ್ಲಿ ಅಂಥ ಸದ್ದು ಇರಲಿಲ್ಲ. ಮುಳ್ಳು ಮಾತ್ರ 500ರ ಹತ್ತಿರ ಇಳಿಯುತ್ತಿತ್ತು. ಅದನ್ನೇ ಚೀಟಿಯಲ್ಲಿ ಬರೆದುಕೊಂಡು ಇನ್ನೊಂದು ಗ್ಯಾರೇಜಿಗೆ ಹೋದೆವು. ಥ್ರಾಟಲ್ ಬಾಡಿ ಬಿಚ್ಚಿದರೆ, ಒಲೆಯ ಮೇಲಿನ ಪಾತ್ರೆಯ ತಳದಷ್ಟು ಕಪ್ಪು! ಅದನ್ನು ತೊಳೆದರು. ನಾಲ್ಕು ಪ್ಲಗ್ ಬದಲಿಸಿದರು. ಮಾರನೆಯ ದಿನವೇ ಅವರು ಬೆಂಗಳೂರಿಗೆ ಬಾಡಿಗೆ ಹೋದರು. ಕಂಪ್ರೆಸರ್ ಇವತ್ತಿಗೂ ಹಳೆಯದೇ ಇದೆ.