ಗಡಿಯಾರ ನೋಡದೆ ಆಡಿದ ಪಂದ್ಯ: 2,376 ರನ್‌ಗಳ ಸೆಮಿಫೈನಲ್ ಗೆದ್ದು ಬಾಂಬೆ ರಣಜಿ ಚಾಂಪಿಯನ್ ಆಗಿದ್ದು ಹೀಗೆ

ರಣಜಿ ಟ್ರೋಫಿಯ ನಾಕೌಟ್ ಪಂದ್ಯ ಡ್ರಾ ಆದರೆ ಗೆಲುವು ಯಾರದ್ದು? ಈಗಿನ ನಿಯಮ ಸರಳ. ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡವೇ ವಿಜೇತ. 2025ರ ಫೆಬ್ರುವರಿಯಲ್ಲಿ ಅಹಮದಾಬಾದ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಕೇರಳ 457 ರನ್ ಗಳಿಸಿದರೆ, ಗುಜರಾತ್ 455ಕ್ಕೆ ಆಲೌಟ್ ಆಯಿತು. ಕೇವಲ ಎರಡು ರನ್‌ಗಳ ಈ ಮುನ್ನಡೆಯೇ ಕೇರಳವನ್ನು ಮೊದಲ ಬಾರಿಗೆ ಫೈನಲ್‌ಗೆ ತಲುಪಿಸಿತು.

ಆದರೆ ಹಿಂದೆ ಹೀಗಿರಲಿಲ್ಲ. ಎಷ್ಟೇ ದಿನ ಹಿಡಿದರೂ ಫಲಿತಾಂಶ ಬರುವವರೆಗೆ ಆಡಿ ಮುಗಿಸುವ ಪಂದ್ಯಗಳಿದ್ದವು. ಅಂಥ ಆಟ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ 1948-49ರ ಋತುವಿನ ಬಾಂಬೆ (ಈಗಿನ ಮುಂಬೈ) ತಂಡಕ್ಕಿಂತ ದೊಡ್ಡ ಉದಾಹರಣೆ ಇನ್ನೊಂದಿಲ್ಲ.

ಆರು ರನ್ ಬಾಕಿ, ಸಮಯ ಮುಗಿಯಿತು

ಆ ವರ್ಷ ವೆಸ್ಟ್ ಇಂಡೀಸ್ ತಂಡ ಮೊದಲ ಬಾರಿಗೆ ಭಾರತಕ್ಕೆ ಟೆಸ್ಟ್ ಸರಣಿ ಆಡಲು ಬಂದಿತ್ತು. ಸರಣಿಯ ಐದನೇ ಟೆಸ್ಟ್ 1949ರ ಫೆಬ್ರುವರಿಯಲ್ಲಿ ಬಾಂಬೆಯ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ನಡೆಯಿತು. ಭಾರತಕ್ಕೆ 361 ರನ್ ಗುರಿ. ವಿಜಯ್ ಹಜಾರೆ 122 ರನ್ ಗಳಿಸಿ ಗೆಲುವಿನ ಆಸೆ ಮೂಡಿಸಿದರು. ಭಾರತ 8 ವಿಕೆಟ್‌ಗೆ 355 ರನ್ ಮಾಡಿದ್ದಾಗ, ಓವರ್ ಇನ್ನೂ ಪೂರ್ತಿಯಾಗದಿದ್ದರೂ ಅಂಪೈರ್ ಬೇಲ್ಸ್ ತೆಗೆದು ದಿನದಾಟ ಮುಗಿಸಿದರು. ಪಂದ್ಯ ಡ್ರಾ. ಚೊಚ್ಚಲ ಟೆಸ್ಟ್ ಗೆಲುವು ಆರು ರನ್‌ಗಳಿಂದ ಕೈತಪ್ಪಿತು. ಅದಕ್ಕಾಗಿ ಭಾರತ 1952ರ ಮದ್ರಾಸ್ ಟೆಸ್ಟ್‌ವರೆಗೆ ಕಾಯಬೇಕಾಯಿತು.

ಆ ಕೊನೆಯ ಕ್ಷಣದಲ್ಲಿ 37 ರನ್ ಗಳಿಸಿ ಅಜೇಯರಾಗಿ ಕ್ರೀಸ್‌ನಲ್ಲಿದ್ದವರು ಬಾಂಬೆಯ ಆಲ್‌ರೌಂಡರ್ ದತ್ತು ಫಡ್ಕರ್. ತಿಂಗಳು ಕಳೆಯುವಷ್ಟರಲ್ಲಿ ಅವರು ಪುಣೆಯಲ್ಲಿ ರಣಜಿ ಸೆಮಿಫೈನಲ್ ಆಡುತ್ತಿದ್ದರು. ಅಲ್ಲಿ ಗಡಿಯಾರದ ಕಾಟವೇ ಇರಲಿಲ್ಲ.

ರನ್ ಹೊಳೆ ಹರಿದದ್ದು ಹೇಗೆ?

ಎದುರಾಳಿ ಮಹಾರಾಷ್ಟ್ರ ಸಾಮಾನ್ಯ ತಂಡವಲ್ಲ. ಅದೇ ಋತುವಿನ ಡಿಸೆಂಬರ್‌ನಲ್ಲಿ ಆ ತಂಡದ ಭಾವುಸಾಹೇಬ್ ನಿಂಬಾಳ್ಕರ್ ಪುಣೆಯಲ್ಲೇ ಕಾಠಿಯಾವಾಡ ವಿರುದ್ಧ ಅಜೇಯ 443 ರನ್ ಸಿಡಿಸಿದ್ದರು. ಡಾನ್ ಬ್ರಾಡ್ಮನ್ ಅವರ ಅಜೇಯ 452ರ ವಿಶ್ವದಾಖಲೆ ಮುರಿಯಲು ಹತ್ತೇ ರನ್ ಬೇಕಿತ್ತು. ಅಷ್ಟರಲ್ಲಿ ಎದುರಾಳಿ ತಂಡ ಸೋಲೊಪ್ಪಿಕೊಂಡು ಮೈದಾನ ಬಿಟ್ಟಿತು.

ಮಾರ್ಚ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಬಾಂಬೆ ಮೊದಲ ಇನಿಂಗ್ಸ್‌ನಲ್ಲಿ 651 ರನ್ ಗಳಿಸಿತು. ವಿಕೆಟ್‌ಕೀಪರ್ ಮಾಧವ ಮಂತ್ರಿ ದ್ವಿಶತಕ ಬಾರಿಸಿದರು. (ಸುನಿಲ್ ಗಾವಸ್ಕರ್ ಅವರಿಗೆ ಮಂತ್ರಿ ಸೋದರಮಾವ.) ಮಹಾರಾಷ್ಟ್ರ 407ಕ್ಕೆ ಆಲೌಟ್ ಆಗಿ 244 ರನ್ ಹಿಂದೆ ಬಿತ್ತು.

ಇಂದಿನ ನಿಯಮವಿದ್ದಿದ್ದರೆ ಬಾಂಬೆ ಬಹುತೇಕ ಫೈನಲ್ ತಲುಪಿದಂತೆಯೇ. ಉಳಿದ ದಿನಗಳನ್ನು ಸುಮ್ಮನೆ ಕಳೆದರೂ ಸಾಕಿತ್ತು. ಆದರೆ ಸಮಯದ ಮಿತಿಯೇ ಇಲ್ಲದ ಪಂದ್ಯದಲ್ಲಿ ಮುನ್ನಡೆಗೆ ಆ ಬೆಲೆ ಇಲ್ಲ. ಎದುರಾಳಿಯ ಇಪ್ಪತ್ತೂ ವಿಕೆಟ್ ಕೀಳಲೇಬೇಕು. ಹಾಗೆಯೇ, ಬೇಗ ಡಿಕ್ಲೇರ್ ಮಾಡುವ ಅಗತ್ಯವೂ ಇಲ್ಲ. ಎಷ್ಟು ಹೊತ್ತು ಬ್ಯಾಟ್ ಮಾಡಿದರೂ ಎದುರಾಳಿ ಡ್ರಾ ಮಾಡಿಕೊಂಡು ಪಾರಾಗುವಂತಿಲ್ಲ.

ಬಾಂಬೆ ಮಾಡಿದ್ದೂ ಅದನ್ನೇ. ಎರಡನೇ ಇನಿಂಗ್ಸ್‌ನಲ್ಲಿ 8 ವಿಕೆಟ್‌ಗೆ 714 ರನ್ ಪೇರಿಸಿದ ಬಳಿಕವಷ್ಟೇ ಡಿಕ್ಲೇರ್ ಮಾಡಿತು. ಉದಯ್ ಮರ್ಚೆಂಟ್ ಮತ್ತು ಫಡ್ಕರ್ ಎರಡೂ ಇನಿಂಗ್ಸ್‌ಗಳಲ್ಲಿ ಶತಕ ಗಳಿಸಿದರು.

ಮಹಾರಾಷ್ಟ್ರದ ಮುಂದಿದ್ದ ಗುರಿ 959 ರನ್! ಆದರೂ ತಂಡ ಕೈಚೆಲ್ಲಲಿಲ್ಲ. ಮಧುಸೂದನ್ ರೇಗೆ ಪಂದ್ಯದಲ್ಲಿ ತಮ್ಮ ಎರಡನೇ ಶತಕ ಪೂರೈಸಿದರು. ತಂಡ 604 ರನ್ ಗಳಿಸಿ 354 ರನ್‌ಗಳಿಂದ ಸೋತಿತು. ಪ್ರಥಮ ದರ್ಜೆ ಕ್ರಿಕೆಟ್‌ನ ನಾಲ್ಕನೇ ಇನಿಂಗ್ಸ್‌ನಲ್ಲಿ ಇದಕ್ಕಿಂತ ದೊಡ್ಡ ಮೊತ್ತ ಒಂದೇ: 1939ರ ಡರ್ಬನ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ 5 ವಿಕೆಟ್‌ಗೆ ಗಳಿಸಿದ 654 ರನ್.

ಪುಣೆಯ ಪಂದ್ಯದಲ್ಲಿ ಬಿದ್ದ ವಿಕೆಟ್ 38, ಬಂದ ರನ್ 2,376, ದಾಖಲಾದ ಶತಕ ಒಂಬತ್ತು. ಒಂದೇ ಪ್ರಥಮ ದರ್ಜೆ ಪಂದ್ಯದಲ್ಲಿ ಅಷ್ಟು ರನ್ ಮತ್ತೆಂದೂ ಬಂದಿಲ್ಲ. ಎರಡನೇ ಸ್ಥಾನದಲ್ಲಿರುವುದೂ ಬಾಂಬೆ ಆಡಿದ ಪಂದ್ಯವೇ. 1945ರ ಮಾರ್ಚ್‌ನಲ್ಲಿ ಹೋಳ್ಕರ್ ವಿರುದ್ಧದ ರಣಜಿ ಫೈನಲ್‌ನಲ್ಲಿ 2,078 ರನ್ ಹರಿದುಬಂದಿದ್ದವು.

ಐದನೇ ಕಿರೀಟ

ಫೈನಲ್‌ನಲ್ಲಿ ಬಾಂಬೆಗೆ ಎದುರಾದದ್ದು 1946-47ರ ಚಾಂಪಿಯನ್ ಬರೋಡ. ಬಾಂಬೆ 620 ಮತ್ತು 361 ರನ್ ಗಳಿಸಿದರೆ, ಬರೋಡ 268 ಮತ್ತು 245ಕ್ಕೆ ಕುಸಿಯಿತು. ಕೆ.ಸಿ. ಇಬ್ರಾಹಿಂ 219 ರನ್ ಬಾರಿಸಿದರು. 468 ರನ್‌ಗಳ ಗೆಲುವಿನೊಂದಿಗೆ ರಣಜಿ ಟ್ರೋಫಿ ಐದನೇ ಬಾರಿಗೆ ಬಾಂಬೆ ಪಾಲಾಯಿತು.

ಯಾವುದು ನ್ಯಾಯ?

ಸಮಯದ ಮಿತಿ ಇಲ್ಲದ ಆಟದ ತೊಂದರೆ ಡರ್ಬನ್‌ನಲ್ಲೇ ಬಯಲಾಗಿತ್ತು. ಹತ್ತು ದಿನ ಕಳೆದರೂ ಪಂದ್ಯ ಮುಗಿಯಲಿಲ್ಲ. ಇಂಗ್ಲೆಂಡ್ ಗೆಲುವಿಗೆ 42 ರನ್ ಬಾಕಿ ಇರುವಾಗ ಆಟಗಾರರು ಊರಿಗೆ ಮರಳುವ ಹಡಗು ಹಿಡಿಯಲು ಹೊರಡಬೇಕಾಯಿತು. ದೇಶಿ ಕ್ರಿಕೆಟ್‌ನಲ್ಲೂ ಇಂತಹ ಆಟ ಬೌಲರ್‌ಗಳನ್ನು ಹಿಂಡಿಹಾಕುತ್ತದೆ, ವೇಳಾಪಟ್ಟಿಯನ್ನು ಬುಡಮೇಲು ಮಾಡುತ್ತದೆ.

ಹಾಗೆಂದು ಮೊದಲ ಇನಿಂಗ್ಸ್ ಮುನ್ನಡೆಯ ನಿಯಮವನ್ನು ಕನ್ನಡಿಗರು ಹಗುರವಾಗಿ ಕಾಣುವಂತಿಲ್ಲ. 1958-59ರಿಂದ ಸತತ 15 ಬಾರಿ ರಣಜಿ ಗೆದ್ದಿದ್ದ ಬಾಂಬೆಯ ಓಟಕ್ಕೆ 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆಯೊಡ್ಡಿದ್ದು ಇದೇ ನಿಯಮ. ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಕರ್ನಾಟಕದ 385ಕ್ಕೆ ಉತ್ತರವಾಗಿ ಬಾಂಬೆ 307ಕ್ಕೆ ಆಲೌಟ್. ಪಂದ್ಯ ಡ್ರಾ ಆದರೂ 78 ರನ್‌ಗಳ ಮುನ್ನಡೆ ಪಡೆದ ಎರಪಳ್ಳಿ ಪ್ರಸನ್ನ ನಾಯಕತ್ವದ ತಂಡ ಫೈನಲ್ ತಲುಪಿತು, ಅಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ರಣಜಿ ಕಿರೀಟ ತೊಟ್ಟಿತು.

ಪುಣೆಯಲ್ಲಿ ನಡೆದಂತೆ ಕೊನೆಯ ವಿಕೆಟ್ ಬೀಳುವವರೆಗೂ ಆಡಬೇಕಿದ್ದರೆ ಆ ಸೆಮಿಫೈನಲ್ ಗೆಲುವು ಯಾರದಾಗುತ್ತಿತ್ತು ಎಂದು ಯಾರೂ ಹೇಳಲಾರರು.